ಹೆಸರು ಹೇಳಲಿ, ಏಳುತ್ತೇನೆ

ಮಲಕಾರಿ ಬಂದ ಮನೆಯಲ್ಲಿ ಎಲ್ಲರ ಕಣ್ಣೂ ಅವನ ಕಾಲಿನ ಮೇಲಿರುತ್ತಿತ್ತು. ಕೆಲಸ ಮುಗಿಸಿ, ಕೊಟ್ಟ ಚಹಾ ಕುಡಿದು, ಚಪ್ಪಲಿ ಮೆಟ್ಟಿಕೊಂಡು ಹೊರಟನೋ, ಮನೆಯವರಿಗೆ ಹೋದ ಜೀವ ಬಂದಂತಾಗುತ್ತಿತ್ತು. ಹಾಗಲ್ಲದೆ ಚಪ್ಪಲಿಯನ್ನು ಬದಿಗೆ ಸರಿಸಿ, ಕಟ್ಟೆಯ ಮೇಲೆ ಕಾಲು ಮಡಚಿ ಕೂತನೋ, ಒಳಗೆ ಹೆಂಗಸರು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ಮಲಕಾರಿ ಕೂತ ಮನೆಯಿಂದ ಹೆಣ ಏಳುತ್ತದೆ ಎಂಬ ಮಾತು ರಾಯಬಾಗದಿಂದ ಅಥಣಿಯವರೆಗೆ ಹಬ್ಬಿತ್ತು.

ಇದು ಶುದ್ಧ ಅನ್ಯಾಯದ ಮಾತು. ಅವನು ಕೂತದ್ದರಿಂದ ಯಾರೂ ಸಾಯುತ್ತಿರಲಿಲ್ಲ. ಏನೋ ಕೆಟ್ಟದ್ದು ಕಂಡದ್ದರಿಂದ ಅವನು ಕೂರುತ್ತಿದ್ದ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಎಂದು ತೂಗಿ ನೋಡುವ ವ್ಯವಧಾನ ಊರಿಗೆ ಎಲ್ಲಿದೆ? ಊರಿಗೆ ಬೈಯಲು ಒಂದು ಮುಖ ಬೇಕು, ಮಲಕಾರಿಯ ಮುಖ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಉದ್ದನೆಯ ಮುಖ, ಒಳಗೆ ಹೋದ ಕಣ್ಣು, ನಗುವಾಗಲೂ ಅಳುವವನಂತೆ ಕಾಣುವ ತುಟಿ.

ಅವನು ರಾಯಬಾಗ ಸೀಮೆಯ ಒಂದು ಸಕ್ಕರೆ ಕಾರ್ಖಾನೆಯ ದವಾಖಾನೆ ಗಾಡಿಯ ಮೇಲೆ ಕೆಲಸಕ್ಕಿದ್ದ. ಗಾಡಿ ಹೊಡೆಯುವವನು ಭರಮು, ಹಿಂದೆ ಪೇಷಂಟಿನ ಪಕ್ಕ ಕೂರುವವನು ಮಲಕಾರಿ. ಕುರಿ ಕಾಯುವ ಮನೆತನದಲ್ಲಿ ಹುಟ್ಟಿದವನು. ಅರಚುವ ಕುರಿಯನ್ನು ಬಿಟ್ಟು, ಹಿಂಡಿನ ಅಂಚಿನಲ್ಲಿ ತಲೆ ಇಳಿಬಿಟ್ಟು ಸುಮ್ಮನೆ ನಿಂತ ಕುರಿಯ ಕಡೆ ಮೊದಲು ಹೋಗಬೇಕೆಂದು ಅಪ್ಪ ಕಲಿಸಿದ್ದ. ಮಿಕ್ಕಿದ್ದನ್ನೆಲ್ಲ ಕಲಿಸಿದವರು ಕಾರ್ಖಾನೆಯ ಡಾಕ್ಟರಬಾಯಿ.

ಒಮ್ಮೆ ಕಬ್ಬಿನ ಗಾಡಿ ತಂದಿದ್ದ ಮುದುಕನೊಬ್ಬನ ಗಂಟಲಿಗೆ ಒಣಗಿದ ಕಟಿ ರೊಟ್ಟಿಯ ತುಂಡು ಸಿಕ್ಕಿಬಿದ್ದಿತ್ತು. ನಾಲ್ಕು ಜನ ಗುದ್ದಿ ಹೊರಗೆ ಹಾಕಿಸಿದ್ದರು. ಮುದುಕ ಚಹಾ ಕುಡಿದು, ಬೀಡಿ ಹಚ್ಚಿ, ತನ್ನ ಎತ್ತುಗಳನ್ನು ಬೈಯುತ್ತ ನಿಂತಿದ್ದ. ಡಾಕ್ಟರಬಾಯಿ ಮಲಕಾರಿಯ ಕಿವಿಯನ್ನು ಮುದುಕನ ಬೆನ್ನಿಗೆ ಹಚ್ಚಿಸಿದರು. ಎಡಗಡೆ ಗಾಳಿ ಬರುತ್ತಿತ್ತು, ಹೋಗುತ್ತಿತ್ತು. ಬಲಗಡೆ ಬಾಗಿಲು ಹಾಕಿದ ಮನೆಯ ಹಾಗೆ ಸದ್ದೇ ಇರಲಿಲ್ಲ. ರೊಟ್ಟಿಯ ಚೂರೊಂದು ಒಳಗೇ ಉಳಿದಿತ್ತು.

“ಉಸಿರು ಬಂತು ಅಂತ ಎಲ್ಲಾರೂ ಚಪ್ಪಾಳೆ ಹೊಡೀತಾರ ಮಲಕಾರಿ. ನಿನ್ನ ಕೆಲಸ ಆ ಚಪ್ಪಾಳೆ ನಿಂತ ಮ್ಯಾಲೆ ಸುರು ಆಗ್ತದ” ಎಂದಿದ್ದರು ಅವರು.

ಅಂದಿನಿಂದ ಅವನಿಗೆ ಅದೇ ಪಾಠ. ಗಂಟಲಿಂದ ತುತ್ತು ಹೊರಬಿದ್ದವನ ದನಿ ಮೊದಲಿನಂತೆ ಇದೆಯೇ, ಉಗುಳು ನುಂಗಲು ಬರುತ್ತದೆಯೇ, ಉಸಿರಿನಲ್ಲಿ ಸೀಟಿ ಇದೆಯೇ, ಹೊಟ್ಟೆ ಹಿಸುಕಿದ್ದರೆ ಒಳಗೆ ನೋವಿದೆಯೇ ಎಂದು ನೋಡುತ್ತಿದ್ದ. ಅನುಮಾನ ಬಂದರೆ ಮಲಗಿಸಲು ಬಿಡುತ್ತಿರಲಿಲ್ಲ, ನೀರು ಕುಡಿಸಲು ಬಿಡುತ್ತಿರಲಿಲ್ಲ. ದವಾಖಾನೆಗೆ ಬರಲು ಒಪ್ಪುವವರೆಗೆ ಅಲ್ಲೇ ಕೂತುಬಿಡುತ್ತಿದ್ದ. ಕೂತಾಗ ನಿಪ್ಪಾಣಿಯ ತಂಬಾಕನ್ನು ಅಂಗೈಯಲ್ಲಿ ಸುಣ್ಣದೊಡನೆ ತಿಕ್ಕಿ ದವಡೆಗೆ ಇಟ್ಟುಕೊಳ್ಳುವುದು ಅವನ ಚಟ. ಹೆಂಡತಿ ಅಕ್ಕವ್ವ ಆ ತಂಬಾಕಿನ ಚೀಲವನ್ನು ಎರಡು ಸಲ ಒಲೆಗೆ ಹಾಕಿದ್ದಳು. ಅವನು ಮೂರನೆಯದನ್ನು ಹೊಲಿಸಿಕೊಂಡಿದ್ದ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆ. ಬಾಣಂತಿಯೊಬ್ಬಳನ್ನು ಅವಳ ಊರಿಗೆ ಬಿಟ್ಟು ಗಾಡಿ ಪಾಲಬಾವಿಯ ಮೇಲೆ ಹಾಯ್ದು ಮರಳುತ್ತಿತ್ತು. ಊರ ಮುಂದಿನ ಒಂದು ಮನೆಗೆ ಹಂದರ ಹಾಕಿದ್ದರು. ಅಲ್ಲಿಂದ ಹತ್ತಾರು ಜನ ಕೈ ಬೀಸುತ್ತ ರಸ್ತೆಗೆ ಓಡಿ ಬಂದರು.

“ನಿಲ್ಲಸ್ರಿ, ನಿಲ್ಲಸ್ರಿ! ಮದಮಗಳ ಗಂಟಲಕ್ಕ ಸಿಕ್ಕೈತಿ!”

ಮಲಕಾರಿ ಚೀಲ ಹಿಡಿದು ಹಂದರದೊಳಗೆ ನುಗ್ಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಜನ ನಗುತ್ತಿದ್ದರು. ಆದದ್ದು ಇಷ್ಟು. ಅಕ್ಷತೆ ಬಿದ್ದ ಮೇಲೆ ಭೂಮದ ಊಟ, ಎಂದರೆ ಮದುಮಕ್ಕಳು ಬೀಗರ ನಡುವೆ ಒಂದೇ ತಾಟಿನಲ್ಲಿ ಉಂಡು ಒಬ್ಬರಿಗೊಬ್ಬರು ತುತ್ತು ಕೊಡುವ ಶಾಸ್ತ್ರ. ತುತ್ತಿಗೆ ಮೊದಲು ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಆ ಒಡಪಿನ ಹೊರಗೆ ನಮ್ಮ ಕಡೆಯ ಹೆಣ್ಣುಮಗಳು ಗಂಡನ ಹೆಸರನ್ನು ಜನ್ಮದಲ್ಲಿ ಬಾಯಿಗೆ ತರುವುದಿಲ್ಲ. ಮದುಮಗಳು ಸುಂದರಾ ಗಟ್ಟಿ ದನಿಯಲ್ಲಿ ಶುರು ಮಾಡಿದ್ದಳು. “ದ್ರಾಕ್ಷಿ ಬಳ್ಳಿಗಿ ಕಲ್ಲಿನ ಕಂಬ, ಗುಡಿಯ ಮುಂದ ದೀಪದ ಕಂಬ...” ಹೆಸರು ಬರಬೇಕು ಎನ್ನುವಷ್ಟರಲ್ಲಿ, ಗೆಳೆಯರು ಕೆಣಕಿದರೆಂದು ಮದುಮಗ ಮುರಗೆಪ್ಪ ಒಂದು ಇಡೀ ಬುಂದೆ ಲಾಡನ್ನು ಅವಳ ತೆರೆದ ಬಾಯಿಗೆ ಗಿಡಿದು ತುರುಕಿದ್ದ. ಹುಡುಗಿ ಕಣ್ಣು ಮೇಲೆ ಮಾಡಿದಳು. ಅವಳ ಸೋದರಮಾವ ಗರಡಿಯಲ್ಲಿ ಪಳಗಿದ ಪೈಲವಾನ. ಅವನು ಎದ್ದು ಬೆನ್ನಿಗೆ ಕೊಟ್ಟ ಗುದ್ದಿಗೆ ಲಾಡಿನ ಮುದ್ದೆ ರಂಗೋಲಿಯ ಮೇಲೆ ಬಿತ್ತು.

“ಬರ್ರಿ ಬರ್ರಿ, ಈಗ ಲಾಡು ತಿನ್ನಾಕ ಬಂದೀರಿ” ಎಂದು ಪೈಲವಾನ ಮೀಸೆ ತಿರುವಿದ.

ಸುಂದರಾ ಹಸೆಯ ಮೇಲೆ ಕೂತಿದ್ದಳು. ಬಾಸಿಂಗ ಕಟ್ಟಿದ ತಲೆ ಎದೆಯ ಮೇಲೆ ಬಾಗಿತ್ತು. ಎರಡೂ ಕೈ ಮಂಡಿಯ ಮೇಲೆ ಊರಿದ್ದವು. ಸೀರೆಯ ಸೆರಗು ಬಾಯಿಗೆ ಒತ್ತಿತ್ತು. ನೋಡಿದವರೆಲ್ಲ, ಹುಡುಗಿಗೆ ಎಷ್ಟು ನಾಚಿಕೆ ನೋಡು, ಎಂದು ಮೆಚ್ಚಿಕೊಳ್ಳುತ್ತಿದ್ದರು. ಮದುಮಗಳೆಂದರೆ ಹಾಗೇ ಕೂರಬೇಕಲ್ಲ. ಮಾತಾಡಬಾರದು, ಮುಖ ಎತ್ತಬಾರದು, ಕೇಳಿದ್ದಕ್ಕೆ ತಲೆ ಅಲ್ಲಾಡಿಸಿದರೆ ಸಾಕು. ಮಲಕಾರಿಯೂ ಮೊದಲು ಹಾಗೆಯೇ ತಿಳಿದ. “ತಂಗೀ, ಆರಾಮ ಅದಿ?” ಎಂದ. ಅವಳು ತಲೆ ಆಡಿಸಿದಳು. ಅವನು ಚೀಲ ಹೆಗಲಿಗೆ ಏರಿಸಿದ.

ಅಷ್ಟರಲ್ಲಿ ಅಜ್ಜಿ ಲಕ್ಕವ್ವ ಮೊಮ್ಮಗಳಿಗೆ ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಎದ್ದಿತು ನೋಡಿ. ಬೀಗರು ಕೆಮ್ಮಿದರು, ಪೈಲವಾನ ಸೀನಿದ, ವಾಲಗದವರು ಸನಾದಿ ಕೆಳಗಿಟ್ಟು ಹೊರಗೆ ಓಡಿದರು. ಕಣ್ಣೀರು ಒರೆಸಿಕೊಳ್ಳುತ್ತ ಮಲಕಾರಿ ತಿರುಗಿ ನೋಡಿದ. ಇಡೀ ಹಂದರ ಕೆಮ್ಮುತ್ತಿತ್ತು, ಸುಂದರಾ ಒಬ್ಬಳನ್ನು ಬಿಟ್ಟು. ಅವಳ ಹೆಗಲು ಮಾತ್ರ ಕುಪ್ಪಳಿಸುತ್ತಿತ್ತು. ಸದ್ದಿಲ್ಲ. ಬಾಯಿಗೆ ಒತ್ತಿದ ಸೆರಗು ಜೊಲ್ಲಿನಿಂದ ಒದ್ದೆಯಾಗಿ, ಜರಿಯ ಅಂಚು ಗಲ್ಲಕ್ಕೆ ಅಂಟಿಕೊಂಡಿತ್ತು.

ಅಪ್ಪ ತೋರಿಸುತ್ತಿದ್ದ ಕುರಿ ಅವನ ಕಣ್ಣಿಗೆ ಕಟ್ಟಿತು. ಲಾಡಿನ ಮುದ್ದೆ ಬಿದ್ದಿದೆ, ಆದರೆ ಎಲ್ಲವೂ ಬಿದ್ದಿಲ್ಲ. ರಂಗೋಲಿಯ ಮೇಲಿನ ಮುದ್ದೆಯನ್ನು ಬೆರಳಿಂದ ಕೆದಕಿದ. ಬುಂದೆಯ ನಡುವೆ ಒಣಕೊಬ್ಬರಿಯ ತೆಳುವಾದ ಚೂರುಗಳಿದ್ದವು, ಅಂಚು ಬ್ಲೇಡಿನ ಹಾಗೆ.

ಅವನು ಚಪ್ಪಲಿಯನ್ನು ಬದಿಗೆ ಸರಿಸಿದ. ಹಸೆಯ ಎದುರಿನ ಕಟ್ಟೆಯ ಮೇಲೆ ಕಾಲು ಮಡಚಿ ಕೂತ.

ಹಂದರದ ನಗು ಒಂದು ಮೂಲೆಯಿಂದ ಆರುತ್ತ ಬಂತು. ಗುರುತಿದ್ದವರು ಗುರುತಿಲ್ಲದವರ ಕಿವಿಯಲ್ಲಿ ಉಸುರಿದರು. ಹುಡುಗಿಯ ಅಪ್ಪ ಲಗಮಣ್ಣ ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದ.

“ಮಲಕಾರಿ, ಕೈ ಮುಗೀತೇನಿ. ಬ್ಯಾರೆ ದಿನ ಬಂದು ಎಷ್ಟರ ಕುಂಡ್ರು. ಇವತ್ತ ಏಳಪ್ಪ.”

“ಮಗಳನ್ನ ಮಿರಜ ದವಾಖಾನಿಗೆ ಕರಕೊಂಡ ಹೋಗೂಣ ಅಣ್ಣಾರ. ಗಂಟಲದಾಗ ಇನ್ನೂ ಐತಿ.”

ಲಗಮಣ್ಣನ ಮುಖ ಬಿಳಿಚಿತು. ಮಗಳ ಗಂಟಲಿಗಿಂತ ಮೊದಲು ಅವನಿಗೆ ಬೀಗರ ಮುಖ ಕಣ್ಣಮುಂದೆ ಬಂತು. ಆ ಕ್ಷಣಕ್ಕೆ ಅವನನ್ನು ನಾನು ಬೈಯಲಾರೆ, ಹೊಗಳಲೂ ಆರೆ. ಗಂಡನ ಮನೆಯ ಹೊಸ್ತಿಲು ತುಳಿಯುವ ಮುಂಚೆ ದವಾಖಾನೆಯ ಮೆಟ್ಟಿಲು ತುಳಿದ ಹುಡುಗಿಯನ್ನು ಬೀಗರ ಊರಾದ ಸತ್ತಿಯಂಥ ಕಡೆ ಬಾಳುವುದಕ್ಕೆ ಬಿಡುತ್ತಾರೆಯೇ? ರೋಗದ ಹೆಣ್ಣನ್ನು ಕಟ್ಟಿದರು ಎಂಬ ಮಾತು ಅವಳ ತಲೆಗೂದಲು ನೆರೆಯುವವರೆಗೂ ಬೆನ್ನು ಬಿಡುವುದಿಲ್ಲ.

ಹುಡುಗಿಯ ಮಾವ, ಮುರಗೆಪ್ಪನ ಅಪ್ಪ ವಿರುಪಾಕ್ಷಪ್ಪ ಎದ್ದು ಬಂದರು. ಸತ್ತಿಯ ಹೊಳೆದಂಡೆಯಲ್ಲಿ ಕಬ್ಬು, ಆಚೆ ದ್ರಾಕ್ಷಿ, ತಲೆಗೆ ಗುಲಾಬಿ ರುಮಾಲು. ಕೆಟ್ಟ ಮನುಷ್ಯರೇನಲ್ಲ, ಆದರೆ ತಾವು ಹೊರಡಿಸಿದ ದಿಬ್ಬಣವನ್ನು ಇನ್ನೊಬ್ಬರು ತಡೆದದ್ದು ಆ ರುಮಾಲಿಗೆ ಗೊತ್ತಿರಲಿಲ್ಲ.

“ಏನಪಾ ಇದು? ಹೊತ್ತ ಇಳಿಯೋದ್ರಾಗ ಸೊಸಿ ಮನಿ ತುಂಬಬೇಕು. ಟ್ರ್ಯಾಕ್ಟರ್ ಹೊಂಟ ನಿಂತಾವ. ಹುಡುಗಿ ಚೊಲೋ ಕುಂತಾಳ. ನೀ ಯಾಕ ಅಪಶಕುನ ಆಗಿ ಕುಂತಿ?”

“ಚೊಲೋ ಕುಂತಿಲ್ಲರಿ ಸಾವಕಾರ. ನಾಚಿಕಿ ಅಲ್ಲ ಅದು. ಉಸುರು ಸಾಲವಲ್ದಕ್ಕ ಬಗ್ಗಿ ಕುಂತಾಳ.”

“ಅಕಿ ಹಂಗ ಅಂದಾಳೇನು?”

“ಅನ್ನಾಕ ದನಿ ಇಲ್ಲರಿ.”

ಹೆಂಗಸರ ಗುಂಪಿನಿಂದ ಒಬ್ಬಳು ಕೊಂಕು ನಕ್ಕಳು. ಮದುವೆಯ ದಿನವೇ ಬಾಯಿ ಮಾಡುವ ಸೊಸೆ ಯಾರಿಗೆ ಬೇಕಾಗಿದ್ದಾಳೆ ಎಂದಳು. ಇನ್ನೊಬ್ಬಳು ಹಾಲಿನ ಲೋಟ ಹಿಡಿದು ಬಂದಳು, ಗಂಟಲು ತಣ್ಣಗಾಗಲಿ ಎಂದು. ಮಲಕಾರಿ ಕೂತಲ್ಲಿಂದಲೇ ಕೈ ಚಾಚಿ ಲೋಟಕ್ಕೆ ಅಡ್ಡ ಹಿಡಿದ. ಹಾಲು ನೆಲಕ್ಕೆ ಚೆಲ್ಲಿತು. ಮಂಗಳ ಕಾರ್ಯದಲ್ಲಿ ಹಾಲು ಚೆಲ್ಲಿದ್ದೇ ಸಾಕಾಯಿತು, ಹಂದರದಲ್ಲಿ ಗದ್ದಲ ಎದ್ದಿತು. ಪೈಲವಾನ ಅಂಗಿಯ ತೋಳು ಮಡಚಿ ಮಲಕಾರಿಯ ರಟ್ಟೆ ಹಿಡಿದ. ಹೊರಗೆ ಭರಮು ಗಾಡಿಯ ಹಾರ್ನ್ ಒತ್ತಿ, “ಚಲ ರೇ ಮಲಕಾರಿ, ಮಾರ ಖಾಶೀಲ!” ಎಂದು ಮರಾಠಿಯಲ್ಲಿ ಕೂಗಿದ. ಹೊಡೆತ ತಿನ್ನುವುದು ಅವನಿಗೂ ಇಷ್ಟವಿರಲಿಲ್ಲ.

ಮಲಕಾರಿಗೆ ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾದೀತು. ಒಬ್ಬ ಗಂಡಸು ಎಲ್ಲರೆದುರು ಮದುಮಗಳ ಬೆನ್ನಿಗೆ ಕಿವಿ ಹಚ್ಚುವಂತಿಲ್ಲ, ಬಾಯಿ ತೆರೆಸಿ ನೋಡುವಂತಿಲ್ಲ. ಹೇಳಿದರೆ ನಂಬುವವರಿಲ್ಲ. ಅವನ ಕೈಯಲ್ಲಿ ಉಳಿದದ್ದು ಊರು ಅವನಿಗೆ ಹಚ್ಚಿದ್ದ ಆ ಕೆಟ್ಟ ಹೆಸರೊಂದೇ. ಇಷ್ಟು ದಿನ ಹೊಟ್ಟೆ ಉರಿಸಿದ ಹೆಸರನ್ನು ಅವನು ಮೊದಲ ಬಾರಿಗೆ ಕೈಗೆತ್ತಿಕೊಂಡ.

“ನಾ ಕುಂತ ಮನಿ ಸುದ್ದಿ ನಿಮಗೆಲ್ಲಾ ಗೊತ್ತೈತಿ” ಎಂದ. ಪೈಲವಾನ ರಟ್ಟೆ ಬಿಟ್ಟ. “ನನ್ನ ಎತ್ತಿ ಒಗೀರಿ, ನಾ ರಸ್ತಾದಾಗ ಕುಂಡ್ರತೇನಿ. ನಿಮ್ಮ ದಿಬ್ಬಣ ನನ್ನ ಮುಂದನ ದಾಟಬೇಕು. ಬ್ಯಾಡ ಅಂದ್ರ ಒಂದ ಕೆಲಸ ಮಾಡ್ರಿ. ತಂಗಿ ಒಡಪ ಅರ್ಧಾ ಬಿಟ್ಟಾಳ. ಗಂಡನ ಹೆಸರ ಹೇಳ್ಲಿ, ಏಳತೇನಿ. ಹೊಳ್ಳಿ ನೋಡದಂಗ ಹೋಗತೇನಿ.”

ಇದಕ್ಕೆ ಯಾರೂ ಬೇಡವೆನ್ನುವಂತಿರಲಿಲ್ಲ. ಅರ್ಧ ಬಿಟ್ಟ ಒಡಪು ಮುಗಿಸದೆ ಮನೆ ತುಂಬಿಸಿಕೊಳ್ಳುವುದೂ ಸರಿಯಲ್ಲವೆಂದು ಮುದುಕಿಯರಿಗೆ ಆಗಲೇ ಅನಿಸಿತ್ತು. ಲಕ್ಕವ್ವ ಮೊಮ್ಮಗಳ ಪಕ್ಕ ಕೂತು ಗಲ್ಲ ಹಿಡಿದು ಮುಖ ಎತ್ತಿದಳು.

“ಹೇಳ ಯವ್ವಾ. ಗುಡಿಯ ಮುಂದ ದೀಪದ ಕಂಬ... ಮುಂದ?”

ಎಲ್ಲರೂ ಬಗ್ಗಿ ನಿಂತರು. ಸುಂದರಾ ಸೆರಗು ಕೆಳಗಿಳಿಸಿದಳು. ತುಟಿಯ ಬಣ್ಣ ಎಲೆ ಅಡಿಕೆಯದಲ್ಲ, ನೇರಳೆಯದು. ಅವಳು ಬಾಯಿ ತೆರೆದಳು. ‘ಮು’ ಎನ್ನುವಂತೆ ತುಟಿ ಕೂಡಿದವು. ಹೆಸರು ಬರಲಿಲ್ಲ. ಬಂದದ್ದು ಒಂದು ಸೀಟಿ, ಕದದ ಸಂದಿನಲ್ಲಿ ಗಾಳಿ ನುಗ್ಗಿದಂತೆ ತೆಳ್ಳಗೆ, ಉದ್ದಕ್ಕೆ. ಆಮೇಲೆ ಕೊರಳಿನ ಕುಳಿ ಒಳಗೆ ಸೇದಿ, ತಾಳಿ ಅಲ್ಲಿಯೇ ಕುಣಿಯಿತು. ಹುಡುಗಿಯ ಕಣ್ಣಿನಲ್ಲಿ ಅಷ್ಟು ಹೊತ್ತು ಅಡಗಿಸಿಟ್ಟಿದ್ದ ಭಯ ಎಲ್ಲರಿಗೂ ಒಮ್ಮೆಗೇ ಕಂಡಿತು.

ಲಕ್ಕವ್ವ ಗಲ್ಲ ಬಿಟ್ಟು ಎದೆ ಬಡಿದುಕೊಂಡಳು. “ನನ್ನ ಕೂಸಿನ ಗಂಟಲ ಹೋತು!” ಎಂದು ಚೀರಿದಳು.

ಮೊದಲು ಎದ್ದವನು ಮುರಗೆಪ್ಪ. ಲಾಡು ಗಿಡಿದ ಕೈ ಇನ್ನೂ ಜಿಡ್ಡಾಗಿತ್ತು. ಅಪ್ಪನ ಕಡೆ ತಿರುಗಿಯೂ ನೋಡದೆ, ಬಾಸಿಂಗ ಕಿತ್ತೆಸೆದು, “ಗಾಡಿ ಎಲ್ಲೈತಿ?” ಎಂದ.

ಪಾಲಬಾವಿಯ ಹೊರಗೆ ಸತ್ತಿಯ ಕಡೆಯ ದಾರಿ ಒಂದು, ಮಿರಜಿನ ಕಡೆಯದು ಇನ್ನೊಂದು. ಅಲ್ಲಿ ಮಾವನ ಮನೆಯ ಹಿರಿಯಳೊಬ್ಬಳು ಗಾಡಿಗೆ ಅಡ್ಡ ನಿಂತು, ಮೊದಲು ಹೊಸ್ತಿಲು ತುಳಿದು ಆಮೇಲೆ ಎಲ್ಲಿಗಾದರೂ ಹೋಗಲಿ ಎಂದು ಗೋಗರೆದಳು. ವಿರುಪಾಕ್ಷಪ್ಪ ರುಮಾಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಅವಳ ತೋಳು ಹಿಡಿದು ಬದಿಗೆ ಎಳೆದು, ಮಿರಜಿನ ದಾರಿಗೆ ಕೈ ತೋರಿಸಿದರು.

ಗಾಡಿಯಲ್ಲಿ ಮಲಕಾರಿ ಸುಂದರಾಳನ್ನು ಮಲಗಲು ಬಿಡಲಿಲ್ಲ. ಮುಂದಕ್ಕೆ ಬಾಗಿಸಿ ಕೂರಿಸಿ, ಆಮ್ಲಜನಕದ ನಳಿಗೆಯನ್ನು ಮೂಗಿನ ಬಳಿ ಹಿಡಿದ. “ಅಳಬ್ಯಾಡ ತಂಗೀ, ಹೆದರಬ್ಯಾಡ, ಸಣ್ಣಗ ಸಣ್ಣಗ ಉಸುರ ತಗೋ” ಎನ್ನುತ್ತಿದ್ದ. ಸೀಟಿ ಬರುತ್ತಲೇ ಇತ್ತು. ಕೃಷ್ಣೆ ದಾಟುವಾಗ ಅಜ್ಜಿ ಹೊಳೆಗೆ ಕೈಮುಗಿದು ತಂಬಿಗೆಯ ನೀರನ್ನು ಮೊಮ್ಮಗಳ ತುಟಿಗೆ ತಂದಳು. ಮಲಕಾರಿ ತಂಬಿಗೆ ಕಸಿದು ಕಿಟಕಿಯಿಂದ ಹೊರಗೆ ಸುರುವಿದ. ಅಜ್ಜಿ ಅವನ ವಂಶಕ್ಕೆಲ್ಲ ಶಾಪ ಹಾಕಿದಳು.

ಕಾಗವಾಡ ಕಾಣುವ ಹೊತ್ತಿಗೆ ರಸ್ತೆಯ ಒಂದು ತಗ್ಗಿಗೆ ಗಾಡಿ ಕುಣಿಯಿತು. ಸೀಟಿ ನಿಂತುಹೋಯಿತು. ಅಜ್ಜಿ, ಆರಾಮ ಆಯಿತು ಎಂದುಕೊಂಡು ಕಣ್ಣು ಒರೆಸಿಕೊಂಡಳು. ಮಲಕಾರಿಗೆ ಗೊತ್ತಾಗಿತ್ತು. ಕೊಬ್ಬರಿಯ ಚೂರು ಸರಿದಿತ್ತು, ದಾರಿ ಪೂರ್ತಿ ಮುಚ್ಚಿತ್ತು. ಹುಡುಗಿ ಅವನ ಅಂಗಿ ಹಿಡಿದಳು, ಹಿಡಿತ ಸಡಿಲಿತು. ಅವನು ಅವಳನ್ನು ತನ್ನ ತೋಳಿನ ಮೇಲೆ ಬಾಗಿಸಿ, ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಹೊಡೆದ, ಮತ್ತೆ ಹೊಡೆದ. ಮುರಗೆಪ್ಪ ಮಗುವಿನಂತೆ ಅಳುತ್ತಿದ್ದ. ಯಾವ ಸೀಟಿ ಕೇಳಿ ಹೆದರಿದ್ದನೋ ಅದೇ ಸೀಟಿಗಾಗಿ ಮಲಕಾರಿ ತನ್ನ ಮನೆದೇವರನ್ನು ಬೇಡಿಕೊಂಡ. ಇನ್ನೊಂದು ಏಟಿಗೆ ಅದು ಮರಳಿ ಬಂತು, ಮೊದಲಿಗಿಂತ ತೆಳ್ಳಗೆ.

ಮಿರಜಿನ ದೊಡ್ಡ ದವಾಖಾನೆಯಲ್ಲಿ ಡಾಕ್ಟರರು ಬಾಯಿಯೊಳಗೆ ನಳಿಗೆ ಇಳಿಸಿ, ಉಗುರಿನಷ್ಟು ಅಗಲದ ಕೊಬ್ಬರಿ ಚೂರನ್ನು ಚಿಮಟಿಗೆಯಿಂದ ತೆಗೆದರು. ಅದು ದನಿಯ ಹುರಿಗಳ ನಡುವೆ ಅಡ್ಡಲಾಗಿ ನಾಟಿಕೊಂಡಿತ್ತಂತೆ. ಚೂರನ್ನು ತಟ್ಟೆಯಲ್ಲಿ ಹೊರಗೆ ತಂದು ತೋರಿಸಿದಾಗ ಹಿಂದೆ ಬೇರೆ ಗಾಡಿಯಲ್ಲಿ ಬಂದಿದ್ದ ವಿರುಪಾಕ್ಷಪ್ಪ ಅದರ ಅಂಚನ್ನು ಬೆರಳಿಂದ ಮುಟ್ಟಿ ನೋಡಿದರು. ಸುಂದರಾ ಬದುಕಿದಳು. ದವಾಖಾನೆಯಿಂದಲೇ ಸತ್ತಿಗೆ ಹೋಗಿ ಹೊಸ್ತಿಲು ತುಳಿದಳು. ದನಿ ಮಾತ್ರ ಮೊದಲಿನ ಗಟ್ಟಿತನಕ್ಕೆ ಮರಳಲಿಲ್ಲ, ಸ್ವಲ್ಪ ಒಡೆದೇ ಉಳಿಯಿತು.

ಇಷ್ಟಾದ ಮೇಲೆ ಮಲಕಾರಿಯ ಹೆಸರು ತೊಳೆದುಹೋಯಿತು ಎಂದುಕೊಂಡಿರಾ? ಊರಿನ ಬಾಯಿ ಅಷ್ಟು ಸುಲಭಕ್ಕೆ ರುಚಿ ಬಿಡುವುದಿಲ್ಲ. ಚೊಲೋ ಕೂತಿದ್ದ ಹುಡುಗಿ ಮಲಕಾರಿ ಕೂತ ಮೇಲೆ ದವಾಖಾನೆ ಸೇರಿದಳು ಎಂದು ಹೇಳುತ್ತ ಹೋದರು. ಅವನ ಗಾಡಿ ಹಂದರದ ಮುಂದೆ ಹಾದರೆ ಲಾಡು ಚುರುಮರಿಯನ್ನು ರಸ್ತೆಗೇ ತಂದುಕೊಟ್ಟು ಸಾಗಹಾಕುತ್ತಿದ್ದರು. ಭರಮು ಚಿಕ್ಕೋಡಿಯ ಚಹಾದಂಗಡಿಯಲ್ಲಿ ಕೂತು ನಿಜ ಸಂಗತಿ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡ. ಮಲಕಾರಿ ತಂಬಾಕು ತಿಕ್ಕುತ್ತ, “ಬಿಡೋ, ಲಾಡು ಕುಂತಲ್ಲೇ ಬಂತಲ್ಲ” ಎನ್ನುತ್ತಿದ್ದ. ಆದರೆ ಒಳಗೆ ಅವನಿಗೆ ನೋವಾಗಿತ್ತು. ಸ್ವಂತ ತಂಗಿಯ ಮಗಳ ಮದುವೆಗೂ ಅವನು ದೂರದಿಂದಲೇ ಅಕ್ಷತೆ ಎಸೆದು ಬಂದ.

ಸುಂದರಾ ಮಾತ್ರ ಅವನನ್ನು ಬಿಡಲಿಲ್ಲ. ವರ್ಷಕ್ಕೊಮ್ಮೆ ದ್ರಾಕ್ಷಿಯ ಸುಗ್ಗಿ ಮುಗಿದ ಮೇಲೆ ಗಂಡನ ಜೊತೆ ಒಣದ್ರಾಕ್ಷಿಯ ಚೀಲ ಹಿಡಿದು ಬರುತ್ತಿದ್ದಳು. ಮೊದಲ ವರ್ಷ ಬಂದಾಗ ಅಕ್ಕವ್ವನ ಮುಂದೆ ನಿಂತು, ಒಡೆದ ದನಿಯಲ್ಲಿಯೇ ಒಡಪು ಮುಗಿಸಿದ್ದಳು. “ದ್ರಾಕ್ಷಿ ಬಳ್ಳಿಗಿ ಕಲ್ಲಿನ ಕಂಬ, ಗುಡಿಯ ಮುಂದ ದೀಪದ ಕಂಬ, ಮುರಗೆಪ್ಪನವರ ಹೆಸರ ಹೇಳತೇನಿ ಮನಿ ತುಂಬ.” ಆ ಹೊತ್ತು ಮಲಕಾರಿ ಗೋಡೆಯ ಕಡೆ ಮುಖ ತಿರುಗಿಸಿ ಕಣ್ಣು ಒರೆಸಿಕೊಂಡದ್ದನ್ನು ಅಕ್ಕವ್ವ ಓಣಿಗೆಲ್ಲ ಹೇಳಿದ್ದಳು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಮಲಕಾರಿ ಕೆಲಸದಿಂದ ಇಳಿದು ಮನೆಯಲ್ಲಿದ್ದ. ಆ ವರ್ಷ ಬಂದ ಸುಂದರಾಳಿಗೆ ಅವನು ಬಾಗಿಲಲ್ಲಿ, “ಬಾರವ್ವಾ” ಎಂದ. ಆ ದನಿ ಕೇಳಿ ಅವಳು ನಿಂತಲ್ಲೇ ನಿಂತಳು.

“ದನಿ ಯಾಕ ಹಿಂಗಾತ್ರಿ ಕಾಕಾ?”

“ಥಂಡಿ ಆಗೇತಿ. ವಯಸ್ಸಾತು. ತಂಬಾಕದ್ದು ಅಂತಾಳ ನಿಮ್ಮ ಕಾಕಿ.”

ಅವನು ಕಟ್ಟೆಯ ಮೇಲೆ ಮುಂದಕ್ಕೆ ಬಾಗಿ ಕೂತಿದ್ದ. ಎರಡೂ ಕೈ ಮಂಡಿಯ ಮೇಲೆ ಊರಿದ್ದವು. ಹೆಗಲ ಮೇಲಿನ ಟವೆಲ್ಲಿನಿಂದ ಮತ್ತೆ ಮತ್ತೆ ಬಾಯಿ ಒರೆಸಿಕೊಳ್ಳುತ್ತಿದ್ದ. ಅಕ್ಕವ್ವ ತಂದಿಟ್ಟ ಚಹಾ ಆರಿ ಕೆನೆಗಟ್ಟಿತು, ಅವನು ಮುಟ್ಟಲಿಲ್ಲ. ಮುರಗೆಪ್ಪ ಬಸ್ಸಿಗೆ ಹೊತ್ತಾಯಿತು ಎಂದು ಎದ್ದ. ಕಟ್ಟೆಯ ತುದಿಗೆ ಕೂತಿದ್ದ ಸುಂದರಾ ಗಂಡನಿಗೆ ಕೂರಲು ಕಣ್ಸನ್ನೆ ಮಾಡಿದಳು.

“ಹೋಗ ತಂಗೀ. ನಂಗೇನಾಗೇತಿ? ಬಸ್ ತಪ್ಪತೈತಿ.”

“ತಪ್ಪಿದ್ರ ತಪ್ಪಲಿ. ಕಾಕಿ ಹೆಸರ ಹೇಳ್ರಿ, ಏಳತೇನಿ.”

ಅಕ್ಕವ್ವ ಬಾಗಿಲಲ್ಲಿ ನಿಂತು ಬಾಯಿ ತುಂಬ ನಕ್ಕಳು. “ಈ ವಯಸ್ಸಿನಾಗ ಇವರಿಗೆ ಒಡಪ ಬೇಕಾಗೇತಿ ನೋಡು!” ಎಂದಳು. ಮಲಕಾರಿಯೂ ನಕ್ಕ. ಅವನ ಹೆಗಲು ಅಲುಗಿತು, ಸದ್ದು ಬರಲಿಲ್ಲ. ಅವನು ಸುಂದರಾಳ ಕಣ್ಣನ್ನು ನೋಡಿದ. ಏನು ಕೇಳುತ್ತಿದ್ದಾಳೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಪ್ಪಿಸಿಕೊಳ್ಳಲಿಲ್ಲ. ಅವಳದೇ ಒಡಪನ್ನು ಎತ್ತಿಕೊಂಡ. ದ್ರಾಕ್ಷಿ ಬಳ್ಳಿ, ಕಲ್ಲಿನ ಕಂಬ, ದೀಪದ ಕಂಬ, ಒಂದೊಂದನ್ನೇ ಗಾಳಿಯಲ್ಲಿ ತೇಲಿಸಿದ. ಹೆಂಡತಿಯ ಹೆಸರಿಗೆ ಬಂದಾಗ ನಿಂತು ಉಸಿರು ಎಳೆದುಕೊಂಡ.

ಆ ಎಳೆತದಲ್ಲಿ ಸೀಟಿ ಇತ್ತು. ಅಕ್ಕವ್ವನ ನಗು ನಿಂತಿತು.

ಸುಂದರಾ ಏಳಲಿಲ್ಲ. ತನ್ನ ಚಪ್ಪಲಿಯನ್ನು ಬದಿಗೆ ಸರಿಸಿ, ಕಟ್ಟೆಯ ಮೇಲೆ ಅವನ ಪಕ್ಕ ಕಾಲು ಮಡಚಿ ಕೂತಳು.